ಚಾರ್ಟಿನಲ್ಲಿ 6/9 ಬರುತ್ತದೆ, ಪುಸ್ತಕ ಓದಲಾಗುವುದಿಲ್ಲ: ಎಎಂಡಿ ಇರುವವರ ದಿನಬಳಕೆಯ ನೋಟವನ್ನು ಹೇಗೆ ಅಳೆಯುತ್ತೀರಿ?

ಅಂಚಿನೋಟ (ಪ್ರಶ್ನೆ)

ವಯಸ್ಸಿನ ಜತೆ ಬರುವ ಮ್ಯಾಕ್ಯುಲರ್ ಡಿಜೆನರೇಷನ್ (ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆಯುವ ರೋಗ), ಅಂದರೆ ಎಎಂಡಿ, ಇರುವವರ ಕಣ್ಣು ಪರೀಕ್ಷೆ ಮಾಡುವವರಿಗೆ ಈ ಪ್ರಶ್ನೆ. ನಾನು ಕೇಳುತ್ತಿರುವುದು ಒಣ ಎಎಂಡಿ (ರಕ್ತನಾಳ ಸೋರದ ಬಗೆ) ಇದ್ದು, ಜಿಯಾಗ್ರಫಿಕ್ ಅಟ್ರೋಫಿ, ಅಂದರೆ ರೆಟಿನಾದ ಕೋಶಗಳು ತೇಪೆ ತೇಪೆಯಾಗಿ ಸಾಯುವುದು, ಶುರುವಾಗಿರುವವರ ಬಗ್ಗೆ. ಸ್ನೆಲ್ಲೆನ್ ಚಾರ್ಟಿನಲ್ಲಿ 6/9 ಅಥವಾ 6/12 ಬರುತ್ತದೆ, ಅಂದರೆ ಆರೋಗ್ಯವಂತ ಕಣ್ಣು 9 ಅಥವಾ 12 ಮೀಟರಿಂದ ಓದುವುದನ್ನು ಇವರು 6 ಮೀಟರಿಂದ ಓದುತ್ತಾರೆ. ಫೈಲು ನೋಡಿದವರಿಗೆ ಪರವಾಗಿಲ್ಲ ಅನ್ನಿಸುತ್ತದೆ. ಅವರು ಹೇಳುವುದೇ ಬೇರೆ: ಎದುರಿಗೆ ನಿಂತವರ ಗುರುತು ಹತ್ತುವುದಿಲ್ಲ, ಮಾತ್ರೆ ಶೀಟಿನ ಮೇಲಿನ ಹೆಸರು ಕಾಣುವುದಿಲ್ಲ, ಮುಸ್ಸಂಜೆಯಲ್ಲಿ ಮೆಟ್ಟಿಲಿನ ಅಂಚು ಸಿಗುವುದಿಲ್ಲ, ನಾಲ್ಕು ಸಾಲು ಓದುವಷ್ಟರಲ್ಲಿ ಸಾಲು ತಪ್ಪುತ್ತದೆ.

ಕೈಯಲ್ಲಿರುವುದು ಸ್ನೆಲ್ಲೆನ್ ಚಾರ್ಟು, ಹತ್ತಿರದ ಓದಿನ ಕಾರ್ಡು, ಆಮ್ಸ್ಲರ್ ಗ್ರಿಡ್ಡು (ಚೌಕಗಳ ಜಾಲರಿ ಇರುವ ಕಾರ್ಡು). ಸಮಯ ಒಬ್ಬರಿಗೆ 40 ನಿಮಿಷ. ಯಾವ ಪರೀಕ್ಷೆಗಳನ್ನು ಸೇರಿಸಬೇಕು, ಯಾವ ಕ್ರಮದಲ್ಲಿ? ಒಂದೊಂದೇ ಕಣ್ಣು ನೋಡಬೇಕೋ, ಎರಡೂ ತೆರೆದಿಟ್ಟೋ? ಆಮ್ಸ್ಲರನ್ನು ಎಷ್ಟರಮಟ್ಟಿಗೆ ನಂಬಬಹುದು? ಮನೆಕೆಲಸಗಳನ್ನೇ ಪರೀಕ್ಷೆಯಾಗಿ ಮಾಡಿಸಿದರೆ ಆರು ತಿಂಗಳ ಬಳಿಕ ಹೋಲಿಸುವಂತೆ ಬರೆದಿಡುವುದು ಹೇಗೆ?

ಕರಿಬಿಳಿ

ಮೊದಲು ಆ 6/9 ಯಾಕೆ ದಾರಿ ತಪ್ಪಿಸುತ್ತದೆ ಅನ್ನುವುದನ್ನು ನೋಡೋಣ. ಜಿಯಾಗ್ರಫಿಕ್ ಅಟ್ರೋಫಿ ಬಹಳ ಸಲ ಮ್ಯಾಕ್ಯುಲಾದ ನಟ್ಟನಡುವನ್ನು ಕೊನೆಯವರೆಗೆ ಬಿಟ್ಟು, ಅದರ ಸುತ್ತ ಉಂಗುರದ ಹಾಗೆ ಹಬ್ಬುತ್ತದೆ. ನಡುವೆ ಒಂದು ಚಿಕ್ಕ ದ್ವೀಪ ಉಳಿಯುತ್ತದೆ. ಅದರ ಅಗಲ 1 ಡಿಗ್ರಿ ಅಂದುಕೊಳ್ಳಿ. 40 ಸೆಂ.ಮೀ. ದೂರದಲ್ಲಿ ಹಿಡಿದ ಪುಟದ ಮೇಲೆ ಅದು ಬರೀ 7 ಮಿ.ಮೀ. ಅಕ್ಷರ 2 ಮಿ.ಮೀ. ಅಗಲವಿದ್ದರೆ ಒಂದು ಸಲಕ್ಕೆ ಮೂರು ಅಕ್ಷರ ಕಾಣುತ್ತವೆ. ಇಂಥವರಿಗೆ ಮೂರು ಪಟ್ಟು ದೊಡ್ಡದು ಮಾಡುವ ಭೂತಕನ್ನಡಿ ಕೊಟ್ಟರೆ ಅಕ್ಷರ 6 ಮಿ.ಮೀ. ಆಗುತ್ತದೆ, ಆ ದ್ವೀಪದಲ್ಲಿ ಒಂದೇ ಅಕ್ಷರ ಹಿಡಿಸುತ್ತದೆ. ಓದು ಇನ್ನೂ ಕೆಡುತ್ತದೆ. ಆದರೆ 6 ಮೀಟರ್ ಆಚೆ 6/9 ಸಾಲಿನ ಅಕ್ಷರದ ಎತ್ತರ ಸುಮಾರು 13 ಮಿ.ಮೀ., ಕಣ್ಣಿಗೆ ಅದು ಡಿಗ್ರಿಯ ಎಂಟನೇ ಒಂದು ಪಾಲು. ದ್ವೀಪದೊಳಗೆ ಆರಾಮಾಗಿ ಕೂರುತ್ತದೆ.

ಆದ್ದರಿಂದ ಚಾರ್ಟು ಓದಿಸುವಾಗಲೇ ಗಮನ ಇಡಿ. ಮೇಲಿನ ದೊಡ್ಡ ಸಾಲಲ್ಲಿ ತಡಕಾಡಿ, ಕೆಳಗಿನ ಚಿಕ್ಕ ಸಾಲನ್ನು ಸಲೀಸಾಗಿ ಓದಿದರೆ ಉಂಗುರದ ಸ್ಕೋಟೋಮಾ (ಕುರುಡು ಮಚ್ಚೆ) ಇರಬಹುದು ಅಂತ ಆಗಲೇ ಅನುಮಾನ ಪಡಬೇಕು. ಯಾವಾಗಲೂ ಬಲತುದಿಯ ಅಕ್ಷರವನ್ನೇ ಬಿಡುತ್ತಿದ್ದರೆ ಕುರುಡು ಮಚ್ಚೆ ಬಲಕ್ಕಿದೆ. ಎಡದ್ದನ್ನು ಬಿಟ್ಟರೆ ಎಡಕ್ಕಿದೆ. ಓದಿದ್ದು ಎಷ್ಟು ಅನ್ನುವುದರ ಜತೆ ಬಿಟ್ಟಿದ್ದು ಯಾವುದು ಅನ್ನುವುದನ್ನೂ ಬರೆದುಕೊಳ್ಳಿ.

ಸಾಧ್ಯವಾದರೆ ಸ್ನೆಲ್ಲೆನ್ ಬಿಟ್ಟು ಇಟಿಡಿಆರ್‌ಎಸ್ ಮಾದರಿಯ ಚಾರ್ಟಿಗೆ ಬನ್ನಿ. ಅದರ ವಿನ್ಯಾಸದ ಬೇರು 1976ರ ಬೈಲಿ–ಲವಿ ಚಾರ್ಟು. ಪ್ರತಿ ಸಾಲಲ್ಲೂ 5 ಅಕ್ಷರ, ಸಾಲಿಂದ ಸಾಲಿಗೆ 0.1 ಲಾಗ್‌ಮಾರ್ (ಅಕ್ಷರದ ಗಾತ್ರದ ಲಾಗ್ ಅಳತೆ) ಇಳಿಕೆ, ಒಂದೊಂದು ಅಕ್ಷರಕ್ಕೆ 0.02. ಮೂರು ಸಾಲು ಹೋಯಿತು ಅಂದರೆ ಮುಂಚಿಗಿಂತ ಎರಡು ಪಟ್ಟು ದೊಡ್ಡ ಅಕ್ಷರ ಬೇಕಾಗಿದೆ ಅಂತ. ಸ್ನೆಲ್ಲೆನ್‌ನಲ್ಲಿ ಸಾಲಿಗೊಂದು ಲೆಕ್ಕದ ಅಕ್ಷರ, ಸಾಲಿಗೊಂದು ಜಿಗಿತ. ಆರು ತಿಂಗಳ ಹೋಲಿಕೆಗೆ ಅದು ನಿಲ್ಲುವುದಿಲ್ಲ.

ಎರಡನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಕಾಂಟ್ರಾಸ್ಟ್. ಮುಖದಲ್ಲಿ ಕೆನ್ನೆಗೂ ತುಟಿಗೂ ಇರುವ ವ್ಯತ್ಯಾಸ, ಬೂದು ಮೆಟ್ಟಿಲಿಗೂ ಬೂದು ನೆಲಕ್ಕೂ ಇರುವ ವ್ಯತ್ಯಾಸ, ಇವು ಯಾವುವೂ ಕಪ್ಪು–ಬಿಳುಪು ಅಲ್ಲ. 1988ರ ಪೆಲ್ಲಿ–ರಾಬ್ಸನ್ ಚಾರ್ಟಿನಲ್ಲಿ ಎಲ್ಲ ಅಕ್ಷರಗಳ ಗಾತ್ರ ಒಂದೇ, ಸುಮಾರು 5 ಸೆಂ.ಮೀ. ಮೂರು ಮೂರರ ಗುಂಪುಗಳು, ಗುಂಪಿಂದ ಗುಂಪಿಗೆ 0.15 ಲಾಗ್ ಮಸುಕು. 1 ಮೀಟರ್ ದೂರದಲ್ಲಿ ಕೂರಿಸಿ, ದೂರದ ಕನ್ನಡಕದ ನಂಬರಿನ ಮೇಲೆ +0.75 ಅಥವಾ +1.00 ಹಾಕಿ. ಮೂರರಲ್ಲಿ ಎರಡು ಸರಿ ಬಂದ ಕೊನೆಯ ಗುಂಪೇ ಅಂಕ. ಇನ್ನೂ ನಯವಾಗಿ ಬೇಕಾದರೆ ಅಕ್ಷರಕ್ಕೆ 0.05ರಂತೆ ಎಣಿಸಿ. 1.5 ಅಂದರೆ ಸುಮಾರು 3 ಶೇಕಡಾ ಕಾಂಟ್ರಾಸ್ಟ್ ಕಾಣುತ್ತದೆ, 1.0 ಅಂದರೆ 10 ಶೇಕಡಾ ಬೇಕು ಅಂತ. 1.5ರ ಕೆಳಗೆ ಬಂದರೆ ದೂರುಗಳಿಗೆ ಕಾರಣ ಸಿಕ್ಕಿತು ಅನ್ನಬಹುದು. 1.0ರ ಕೆಳಗಿದ್ದರೆ ಮೆಟ್ಟಿಲು, ರಸ್ತೆಯ ಅಂಚು, ಮುಖ ಎಲ್ಲವೂ ಕಷ್ಟ.

ಇಲ್ಲಿ ಪರೀಕ್ಷಿಸುವವರೇ ಮಾಡುವ ತಪ್ಪು ಅವಸರ. ಮಸುಕಾದ ಅಕ್ಷರ ಥಟ್ಟನೆ ಕಾಣುವುದಿಲ್ಲ, ನಿಧಾನವಾಗಿ ಮೂಡುತ್ತದೆ. "ಕಾಣಲ್ಲ" ಅಂದ ಮೇಲೂ ಇಪ್ಪತ್ತು ಸೆಕೆಂಡು ಕಾದು, ಊಹಿಸಿ ಹೇಳಲು ಹೇಳಿ. ಕಣ್ಣು, ತಲೆ ಆಡಿಸಬೇಡಿ ಅನ್ನಬೇಡಿ, ಮಚ್ಚೆಯನ್ನು ಆಚೆ ಸರಿಸಿಕೊಳ್ಳಲು ಅವರಿಗೆ ಇರುವುದು ಅದೊಂದೇ ದಾರಿ. ಚಾರ್ಟಿನ ಮೇಲೆ ಕಿಟಕಿಯ ಹೊಳಪು ಬಿದ್ದರೂ ಅಂಕ ಸುಳ್ಳಾಗುತ್ತದೆ. ರೋಮನ್ ಅಕ್ಷರ ಬಾರದವರಿಗೆ ಅಂಕಿಗಳ ಕಾಂಟ್ರಾಸ್ಟ್ ಚಾರ್ಟು ಬಳಸಿ.

ದೀಪದ ಬುಡ

ಕರಿಬಿಳಿಯವರು ಹೇಳಿದ್ದಕ್ಕೆ ಬೆಳಕಿನ ಮಾತು ಸೇರಿಸುತ್ತೇನೆ. ಎಎಂಡಿಯಲ್ಲಿ ಕೋನ್ ಕೋಶಗಳಿಗಿಂತ ಮೊದಲು ಪೆಟ್ಟು ತಿನ್ನುವುದು ನಡುವಿನ ಸುತ್ತಲಿರುವ ರಾಡ್ ಕೋಶಗಳು. ಮಬ್ಬು ಬೆಳಕಿನ ನೋಟಕ್ಕೆ ಅವೇ ಆಧಾರ. ಆದ್ದರಿಂದ ಚೆನ್ನಾಗಿ ಬೆಳಗಿದ ಚಾರ್ಟಿನ ಮುಂದೆ ಕೂರಿಸಿ, ಸಂಜೆಯ ತೊಂದರೆ ಎಷ್ಟಿದೆ ಅಂತ ತಿಳಿಯಲು ಆಗುವುದಿಲ್ಲ.

ಸುಲಭದ ದಾರಿ ಹೀಗಿದೆ. ಅದೇ ಲಾಗ್‌ಮಾರ್ ಚಾರ್ಟನ್ನು ಮೊದಲು ಎಂದಿನ ಬೆಳಕಲ್ಲಿ ಓದಿಸಿ. ಆಮೇಲೆ ಟ್ರಯಲ್ ಫ್ರೇಮಿನಲ್ಲಿ 2.0 ಲಾಗ್ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಹಾಕಿ ಮತ್ತೆ ಓದಿಸಿ. ಅದು ಬೆಳಕನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಎರಡರ ನಡುವಿನ ಅಕ್ಷರಗಳ ವ್ಯತ್ಯಾಸವೇ ಮಬ್ಬುಬೆಳಕಿನ ಕೊರತೆ. ಆರೋಗ್ಯವಂತ ಕಣ್ಣಲ್ಲೂ ಸ್ವಲ್ಪ ಇಳಿಯುತ್ತದೆ, ಎಎಂಡಿಯಲ್ಲಿ ಇಳಿತ ದೊಡ್ಡದು. 6/9 ಇಬ್ಬರಿಗೂ ಇದ್ದು, ಒಬ್ಬರು ಫಿಲ್ಟರಿನಲ್ಲಿ 10 ಅಕ್ಷರ, ಇನ್ನೊಬ್ಬರು 25 ಅಕ್ಷರ ಕಳೆದುಕೊಂಡರೆ ಅವರ ಸಂಜೆಗಳು ಒಂದೇ ಥರ ಇರುವುದಿಲ್ಲ. ಫಿಲ್ಟರು ಬರೀ ಫ್ರೇಮಿನಲ್ಲಿ ಕೂತರೆ ಸಾಲದು, ಬದಿಯಿಂದ ನುಸುಳುವ ಬೆಳಕನ್ನೂ ತಡೆಯಬೇಕು. ಹೊರಗಿನ ಬಿಸಿಲಿಂದ ಬಂದವರನ್ನು ಕೂತ ತಕ್ಷಣ ಪರೀಕ್ಷಿಸಬಾರದು, ಕೋಣೆಯ ಬೆಳಕಿಗೆ ಕಣ್ಣು ಹೊಂದಿಕೊಳ್ಳಲಿ.

ಫಿಲ್ಟರು ಇಲ್ಲದವರಿಗೆ ಸ್ಕಿಲ್ ಕಾರ್ಡು ಅಂತ ಒಂದಿದೆ. ಒಂದು ಮಗ್ಗುಲಲ್ಲಿ ಬಿಳಿಯ ಮೇಲೆ ಕಪ್ಪಕ್ಷರ, ಇನ್ನೊಂದು ಮಗ್ಗುಲಲ್ಲಿ ಗಾಢ ಬೂದಿನ ಮೇಲೆ ಕಪ್ಪಕ್ಷರ. 40 ಸೆಂ.ಮೀ.ನಲ್ಲಿ ಎರಡನ್ನೂ ಓದಿಸಿ ವ್ಯತ್ಯಾಸ ಎಣಿಸುವುದು. ಕೋಣೆಯ ಬೆಳಕು ಬದಲಿಸುವ ಕೆಲಸವೇ ಇಲ್ಲ.

ಇನ್ನು ಓದಿನ ದೀಪ. ಇದು ಪರೀಕ್ಷೆಯೂ ಹೌದು, ಪರಿಹಾರವೂ ಹೌದು. ಓದಿನ ಕಾರ್ಡನ್ನು ಮೂರು ಬೆಳಕಿನಲ್ಲಿ ಓದಿಸಿ: ಸುಮಾರು 100, 500, 2000 ಲಕ್ಸ್. ಮೊಬೈಲಿನ ಲಕ್ಸ್ ಆ್ಯಪು ಒಂದೊಂದು ಫೋನಿನಲ್ಲಿ ಒಂದೊಂದು ಹೇಳುತ್ತದೆ, ಹಾಗಾಗಿ ಯಾವಾಗಲೂ ಅದೇ ಫೋನು, ಅದೇ ಜಾಗ. ಪುಟ ಇರುವಲ್ಲೇ ಫೋನಿಟ್ಟು ಅಳೆಯಿರಿ, ಚಾವಣಿ ದೀಪದ ಅಂದಾಜು ಬೇಡ. ದೀಪವನ್ನು 60 ಸೆಂ.ಮೀ.ನಿಂದ 30ಕ್ಕೆ ತಂದರೆ ಪುಟಕ್ಕೆ ಬೀಳುವ ಬೆಳಕು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ, ಬಲ್ಬು ಬದಲಿಸುವ ಅಗತ್ಯ ಇರುವುದಿಲ್ಲ. ಹೆಚ್ಚು ಚೆನ್ನಾಗಿ ಕಾಣುವ ಕಣ್ಣಿನ ಕಡೆ ದೀಪ ಇರಲಿ, ಅದರ ಮುಚ್ಚಿಗೆಯ ಅಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. 2000 ಲಕ್ಸ್‌ನಲ್ಲಿ ಎರಡು ಸಾಲು ಮುಂದೆ ಹೋದರೆ ಮೊದಲು ದೀಪ ಬರೆದುಕೊಡಿ, ಭೂತಕನ್ನಡಿ ಆಮೇಲೆ. ಬೆಳಕು ಹೆಚ್ಚಿದಾಗ ಓದು ಹದಗೆಟ್ಟರೆ ಪೊರೆ ಇದೆಯೇ ನೋಡಿ. ಪೊರೆಯಿಂದ ಚದುರುವ ಬೆಳಕನ್ನು ಎಎಂಡಿಯ ಲೆಕ್ಕಕ್ಕೆ ಬರೆಯಬಾರದು.

ಸಾಲುಗಟ್ಟಿ

ಆಮ್ಸ್ಲರ್ ಬಗ್ಗೆ ಕೇಳಿದ್ದೀರಿ. ಸ್ವಿಸ್ ವೈದ್ಯ ಮಾರ್ಕ್ ಆಮ್ಸ್ಲರ್ ಬಳಕೆಗೆ ತಂದ ಈ ಗ್ರಿಡ್ಡು 10 ಸೆಂ.ಮೀ. ಚೌಕ, 5 ಮಿ.ಮೀ.ನ 400 ಮನೆಗಳು. ಸುಮಾರು 30 ಸೆಂ.ಮೀ. ದೂರದಲ್ಲಿ ಒಂದೊಂದು ಮನೆ 1 ಡಿಗ್ರಿ, ಅಂದರೆ ನಡುವಿನಿಂದ ಸುತ್ತಲೂ 10 ಡಿಗ್ರಿ ಸಿಗುತ್ತದೆ. ಓದುವ ಕನ್ನಡಕ ಹಾಕಿರಬೇಕು. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲು, ಟಾರ್ಚು ಬಿಡುವ ಮೊದಲು ಮಾಡಬೇಕು. ಒಂದು ಕಣ್ಣು ಪೂರ್ತಿ ಮುಚ್ಚಿ, ನಡುವಿನ ಚುಕ್ಕಿ ಕಾಣುತ್ತದೆಯೇ, ನಾಲ್ಕೂ ಮೂಲೆ ಕಾಣುತ್ತವೆಯೇ, ಎಲ್ಲಾದರೂ ಗೆರೆ ಅಳಿಸಿದೆಯೇ, ಎಲ್ಲಾದರೂ ಗೆರೆ ಡೊಂಕಾಗಿದೆಯೇ, ಈ ಕ್ರಮದಲ್ಲಿ ಕೇಳಿ.

ಗೆರೆ ಡೊಂಕು ಹೇಳಿದರೆ ಅದನ್ನು ನಂಬಿ. ಹೊಸದಾಗಿ ಶುರುವಾದ ಡೊಂಕು ಅಂದರೆ ಒಣ ಎಎಂಡಿ ಒದ್ದೆಗೆ (ಹೊಸ ರಕ್ತನಾಳ ಬೆಳೆದು ಸೋರುವ ಬಗೆಗೆ) ತಿರುಗಿರಬಹುದು. ಮುಂದಿನ ಭೇಟಿಯವರೆಗೆ ಕಾಯಿಸಬೇಡಿ, ಒಂದೆರಡು ದಿನದೊಳಗೆ ರೆಟಿನಾ ತಜ್ಞರ ಹತ್ತಿರ ಒಸಿಟಿ (ರೆಟಿನಾದ ಪದರಗಳ ಸ್ಕ್ಯಾನು) ಆಗಬೇಕು. ಆ ರಕ್ತನಾಳಗಳ ಬೆಳವಣಿಗೆ ತಡೆಯಲು ಕಣ್ಣಿನೊಳಗೆ ಕೊಡುವ ಆ್ಯಂಟಿ ವಿಇಜಿಎಫ್ ಚುಚ್ಚುಮದ್ದು ಇರುವ ನೋಟವನ್ನು ಉಳಿಸುತ್ತದೆ. ಕಲೆಗಟ್ಟಿದ ಮೇಲೆ ಹೋದದ್ದನ್ನು ಮರಳಿ ತರುವುದು ಅದರಿಂದ ಆಗದು.

"ಎಲ್ಲ ಗೆರೆ ಸರಿಯಾಗಿವೆ" ಅಂದರೆ ಮಾತ್ರ ನಂಬಬೇಡಿ. ಮೆದುಳು ಕಾಣದ ಜಾಗವನ್ನು ಅಕ್ಕಪಕ್ಕದ ಗೆರೆಗಳಿಂದ ತುಂಬಿಬಿಡುತ್ತದೆ. ಒಂದೇ ಥರದ ಮನೆಗಳ ಗ್ರಿಡ್ಡು ಹೀಗೆ ತುಂಬಿಕೊಳ್ಳಲು ಹೇಳಿಮಾಡಿಸಿದಂತಿದೆ. ಮಚ್ಚೆ ನಡುವನ್ನೇ ನುಂಗಿದವರು ಚುಕ್ಕಿಯನ್ನು ಮಚ್ಚೆಯ ಪಕ್ಕದ ಒಳ್ಳೆಯ ಜಾಗದಿಂದ ನೋಡುತ್ತಾರೆ. ಆಗ ಗ್ರಿಡ್ಡಿನ ನಡುವೂ ರೆಟಿನಾದ ನಡುವೂ ಬೇರೆ ಬೇರೆಯಾಗುತ್ತವೆ, ನೀವು ಬರೆದ ಚಿತ್ರ ಜಾಗ ತಪ್ಪಿರುತ್ತದೆ. ಮೈಕ್ರೋಪೆರಿಮೆಟ್ರಿ ರೆಟಿನಾವನ್ನು ನೋಡುತ್ತಲೇ ಬೆಳಕಿನ ಚುಕ್ಕಿ ಬಿಡುವುದರಿಂದ ಈ ಗೊಂದಲ ಇಲ್ಲ. ನೋಟ ಎಲ್ಲಿ ನೆಲೆ ನಿಂತಿದೆ ಅನ್ನುವುದೂ ಅದರಲ್ಲೇ ಸಿಗುತ್ತದೆ.

ಯಂತ್ರವಿಲ್ಲದಿದ್ದರೆ ನಿಮ್ಮ ಮುಖವೇ ಚಾರ್ಟು. ಒಂದು ಕೈಯಳತೆ ದೂರದಲ್ಲಿ ಎದುರು ಕೂತು, ಅವರ ಒಂದು ಕಣ್ಣು ಮುಚ್ಚಿಸಿ, "ನನ್ನ ಮೂಗನ್ನೇ ನೋಡಿ. ಹಣೆ, ಗಲ್ಲ, ಎರಡು ಕಿವಿ, ಇವುಗಳಲ್ಲಿ ಯಾವುದು ಸ್ಪಷ್ಟ, ಯಾವುದು ಮಾಯ?" ಅಂತ ಕೇಳಿ. ಮುಖ ಒಂದೇ ಥರದ ಮನೆಗಳ ಜಾಲರಿ ಅಲ್ಲವಾದ್ದರಿಂದ ಮೆದುಳಿಗೆ ತುಂಬುವುದು ಅಷ್ಟು ಸುಲಭವಲ್ಲ. ಆಮೇಲೆ "ಈಗ ನನ್ನ ಹಣೆ ನೋಡಿ, ಮೂಗು ಚೆನ್ನಾಗಿ ಕಂಡಿತೇ?" ಅಂತ ದಿಕ್ಕು ಬದಲಿಸುತ್ತಾ ಹೋದರೆ ಯಾವ ಕಡೆಗೆ ನೋಟ ತಿರುಗಿಸಿದರೆ ಅನುಕೂಲ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ.

ಒಂದು ಕಣ್ಣೋ ಎರಡೋ ಅನ್ನುವುದಕ್ಕೆ: ರೋಗ ಹಿಡಿಯಲು ಒಂದೊಂದೇ ಕಣ್ಣು, ಬದುಕು ಅಳೆಯಲು ಎರಡೂ. ಆಮ್ಸ್ಲರ್ ಎರಡೂ ಕಣ್ಣು ತೆರೆದು ಮಾಡಿದರೆ ಒಳ್ಳೆಯ ಕಣ್ಣು ಇನ್ನೊಂದರ ಹುಳುಕನ್ನು ಮುಚ್ಚಿಡುತ್ತದೆ. ಓದು, ಕಾಂಟ್ರಾಸ್ಟ್, ಕೆಲಸಗಳನ್ನು ಎರಡೂ ಕಣ್ಣಲ್ಲಿ ಮಾಡಿಸಿ. ಒಮ್ಮೊಮ್ಮೆ ಕೆಟ್ಟ ಕಣ್ಣು ಒಳ್ಳೆಯದರ ಕೆಲಸಕ್ಕೆ ಅಡ್ಡ ಬರುತ್ತದೆ, ಎರಡೂ ತೆರೆದಾಗಿನ ಅಂಕ ಒಳ್ಳೆಯ ಕಣ್ಣೊಂದರ ಅಂಕಕ್ಕಿಂತ ಕಡಿಮೆ ಬರುತ್ತದೆ. ಅಂಥವರಿಗೆ ಓದುವಾಗ ಒಂದು ಕಣ್ಣು ಮರೆ ಮಾಡಿ ನೋಡಿ.

ಅಂಚಿನೋಟ

ತುಂಬ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಓದಿನ ವೇಗವನ್ನು ಕನ್ನಡದಲ್ಲಿ ಹೇಗೆ ಎಣಿಸುತ್ತೀರಿ? ಒಂದು ಪದ ಮೂರಕ್ಷರ, ಇನ್ನೊಂದು ಹತ್ತಕ್ಷರ. ಮತ್ತೆ ಆ ಮಾತ್ರೆ ಶೀಟು, ನಾಣ್ಯ ಮುಂತಾದ ಕೆಲಸಗಳು?

ಒತ್ತಕ್ಷರ

ಎಂಎನ್‌ರೀಡ್ ಅನ್ನುವ ಓದಿನ ಚಾರ್ಟಿನ ಲೆಕ್ಕವನ್ನೇ ಹಿಡಿಯಿರಿ. ಅದರಲ್ಲಿ ಪ್ರತಿ ವಾಕ್ಯವೂ 60 ಅಕ್ಷರ, ಅದನ್ನೇ 10 ಪದ ಅಂತ ಎಣಿಸುತ್ತಾರೆ. 10ರಿಂದ ತಪ್ಪಿದ ಪದಗಳನ್ನು ಕಳೆದು, 60ರಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಪದ ಅಂತ ಬರುತ್ತದೆ. 12 ಸೆಕೆಂಡು, 2 ತಪ್ಪು ಆದರೆ 40. ಗಾತ್ರ ಇಳಿಸುತ್ತಾ ಹೋದಂತೆ ವೇಗ ಒಂದು ಹಂತದವರೆಗೆ ಒಂದೇ ಸಮ ಇದ್ದು, ಆಮೇಲೆ ಧಡಕ್ಕನೆ ಬೀಳುತ್ತದೆ. ಬೀಳುವ ಮುಂಚಿನ ಗಾತ್ರವೇ ನಿಮಗೆ ಬೇಕಾದ್ದು. ಕಷ್ಟಪಟ್ಟು ಓದಿದ ಕೊನೆಯ ಗಾತ್ರವನ್ನು ಇಟ್ಟುಕೊಂಡು ಕನ್ನಡಕವೋ ಭೂತಕನ್ನಡಿಯೋ ಕೊಟ್ಟರೆ ಅದು ಮೂಲೆ ಸೇರುತ್ತದೆ. ಸರಾಗ ಓದಿಗೆ ಕೊನೆಯ ಗಾತ್ರದ ಕನಿಷ್ಠ ಎರಡು ಪಟ್ಟು ಬೇಕು.

ಕನ್ನಡದಲ್ಲಿ ಪದ ಎಣಿಸಬೇಡಿ, ಅಕ್ಷರ ಎಣಿಸಿ. ಒತ್ತು ಸೇರಿದ್ದನ್ನೂ ಒಂದೇ ಅಕ್ಷರ ಅನ್ನಿ, ಆದರೆ ಪ್ರತಿ ವಾಕ್ಯದಲ್ಲೂ ಒತ್ತಕ್ಷರಗಳ ಸಂಖ್ಯೆ ಒಂದೇ ಇರುವಂತೆ ನೋಡಿಕೊಳ್ಳಿ. ಒತ್ತು ಕೆಳಗೆ ಒತ್ತೊತ್ತಾಗಿ ಕೂರುತ್ತದೆ, ಮೂಲ ಅಕ್ಷರಕ್ಕಿಂತ ಚಿಕ್ಕದು, ಮೊದಲು ಹೋಗುವುದು ಅದೇ. ಗಾತ್ರವನ್ನು ಪಾಯಿಂಟಿನಲ್ಲಿ ಬರೆಯಬೇಡಿ, ಫಾಂಟಿಂದ ಫಾಂಟಿಗೆ ಬದಲಾಗುತ್ತದೆ. ಅಚ್ಚಾದ ಹಾಳೆಯ ಮೇಲೆ ಸ್ಕೇಲಿಟ್ಟು 'ರ' ಅಕ್ಷರದ ಎತ್ತರವನ್ನು ಮಿ.ಮೀ.ನಲ್ಲಿ ಬರೆಯಿರಿ. ಈ ಅಂಕಗಳನ್ನು ಅದೇ ವ್ಯಕ್ತಿಯ ಹಿಂದಿನ ಅಂಕದ ಜತೆ ಮಾತ್ರ ಹೋಲಿಸಬಹುದು, ಬೇರೆ ಭಾಷೆಯ ಚಾರ್ಟಿನ ಜತೆ ಅಲ್ಲ.

ತಪ್ಪುಗಳನ್ನು ಯಥಾವತ್ತಾಗಿ ಬರೆದಿಡಿ, ಅಲ್ಲೇ ಉತ್ತರ ಇರುತ್ತದೆ. 'ಷ'ವನ್ನು 'ಪ' ಅಂದರೆ, 'ಧ'ವನ್ನು 'ದ' ಅಂದರೆ ಒಳಗಿನ ಸಣ್ಣ ಗೆರೆ ಕಾಣುತ್ತಿಲ್ಲ, ಗಾತ್ರವೋ ಬೆಳಕೋ ಸಾಲದು. 'ಹೊಲದಲ್ಲಿ' ಅನ್ನುವುದನ್ನು 'ಹೊಲ' ಅಂತ ಓದಿ ಮುಂದೆ ಹೋದರೆ ಬಲಗಡೆಯ ಮಚ್ಚೆ ವಿಭಕ್ತಿಯನ್ನು ನುಂಗಿದೆ. ಸಾಲಿನ ಮೊದಲ ಪದವನ್ನೇ ಬಿಟ್ಟು ಓದಿದರೆ ಮಚ್ಚೆ ಎಡಕ್ಕಿದೆ, ಅಂಚಿಗೆ ಬೆರಳಿಟ್ಟು ಓದಲು ಕಲಿಸಿ. ನುರಿತ ಓದುಗರು ಅರ್ಥ ಹಿಡಿದು ಊಹಿಸಿಬಿಡುತ್ತಾರೆ, ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ಪದಗಳ ಒಂದು ಹಾಳೆಯೂ ಇರಲಿ. ಎಸ್‌ಕೆರೀಡ್ ಅನ್ನುವ ಪರೀಕ್ಷೆ ನಿಂತಿರುವುದೇ ಈ ತತ್ವದ ಮೇಲೆ.

ಓದಿಸುವ ದೂರಕ್ಕೂ ಲೆನ್ಸಿಗೂ ತಾಳೆ ಇರಬೇಕು. 40 ಸೆಂ.ಮೀ.ಗೆ +2.50, 25 ಸೆಂ.ಮೀ.ಗೆ +4.00. ಇವರು ಕಾಣದಿದ್ದಾಗ ಪುಟವನ್ನು ಹತ್ತಿರ ಎಳೆದುಕೊಳ್ಳುತ್ತಾರೆ. +2.50 ಕನ್ನಡಕದಲ್ಲಿ ಪುಟ 25ಕ್ಕೆ ಬಂದರೆ ಅಕ್ಷರ ದೊಡ್ಡದಾದರೂ ಮಸುಕಾಗುತ್ತದೆ, ಆ ಮಸುಕನ್ನು ನಾವು ರೋಗದ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಕಾರ್ಡಿಗೆ ದಾರ ಕಟ್ಟಿ ದೂರ ಅಳೆಯುತ್ತಿರಿ.

ಇನ್ನು ಕೆಲಸಗಳು. ಟೈಮ್ಡ್ ಐಎಡಿಎಲ್ ಅನ್ನುವ ಪರೀಕ್ಷೆಯ ಮಾದರಿ ಇದೆ: ಫೋನ್ ನಂಬರ್ ಹುಡುಕುವುದು, ಚಿಲ್ಲರೆ ಎಣಿಸುವುದು, ಡಬ್ಬಿಯ ಮೇಲಿನ ಸಾಮಗ್ರಿ ಪಟ್ಟಿ ಓದುವುದು, ಔಷಧಿಯ ಸೂಚನೆ ಓದುವುದು, ಶೆಲ್ಫಿನಲ್ಲಿ ವಸ್ತು ಹುಡುಕುವುದು. ಇದನ್ನು ನಕಲು ಮಾಡಬಹುದು, ಆದರೆ ವಸ್ತು, ದೂರ, ಬೆಳಕು, ಸಮಯ ಶುರುವಾಗುವ ಕ್ಷಣ, ಮುಗಿಯುವ ಕ್ಷಣ ಎಲ್ಲವೂ ಬರಹದಲ್ಲಿರಬೇಕು. ನಾಲ್ಕು ಕೆಲಸ ಸಾಕು, ಒಂದೊಂದಕ್ಕೆ 2 ನಿಮಿಷದ ಮಿತಿ. "ತಪ್ಪಿಲ್ಲದೆ ಮುಗಿಯಿತು, ತಪ್ಪಿನೊಡನೆ ಮುಗಿಯಿತು, ಮುಗಿಯಲಿಲ್ಲ" ಅಂತ ಮೂರು ದರ್ಜೆ, ಪಕ್ಕದಲ್ಲಿ ಸೆಕೆಂಡು.

ಮಾತ್ರೆ ಶೀಟನ್ನೇ ತೆಗೆದುಕೊಳ್ಳಿ. ಬೆಳ್ಳಿಬಣ್ಣದ ಫಾಯಿಲು ಹೊಳೆಯುತ್ತದೆ, ಹೆಸರು ಓರೆಯಾಗಿ ಮತ್ತೆ ಮತ್ತೆ ಅಚ್ಚಾಗಿರುತ್ತದೆ, ಮಾತ್ರೆ ಒಡೆದು ತೆಗೆದ ಕಡೆ ಅರ್ಧ ಹರಿದಿರುತ್ತದೆ. ಮುಗಿಯುವ ದಿನಾಂಕ ಬಹಳ ಕಡೆ ಶಾಯಿಯೇ ಇಲ್ಲದ ಒತ್ತಚ್ಚು. ಪರೀಕ್ಷೆಗೆ ಒಂದು ಪೂರ್ತಿ ಶೀಟು, ಒಂದು ಅರ್ಧ ಖಾಲಿಯಾದ ಶೀಟು ಇಟ್ಟು ಎರಡು ಪ್ರಶ್ನೆ ಕೇಳಿ: ಯಾವ ಮಾತ್ರೆ, ಯಾವ ತಿಂಗಳವರೆಗೆ? ಹೆಸರು ಓದಿ ದಿನಾಂಕದಲ್ಲಿ ಸೋತರೆ ದೀಪವನ್ನು ಮೇಲಿನಿಂದ ತೆಗೆದು ಪಕ್ಕದಿಂದ, ಮೇಜಿನ ಮಟ್ಟಕ್ಕೆ ತಗ್ಗಿಸಿ ಹಿಡಿಯಿರಿ. ಒತ್ತಚ್ಚಿನ ಗುಂಡಿಗಳಲ್ಲಿ ನೆರಳು ಬಿದ್ದು ಅಂಕಿಗಳು ಎದ್ದು ಕಾಣುತ್ತವೆ. ಆಗ ಓದಿದರೆ ಅವರಿಗೆ ಕಡಿಮೆ ಇದ್ದದ್ದು ಕಾಂಟ್ರಾಸ್ಟ್ ಅಂತ ಖಚಿತವಾಯಿತು. ಮನೆಯಲ್ಲೂ ಹಾಗೇ ಮಾಡಲು ಹೇಳಿಕೊಡಿ.

ಸಮಯ ಕೆಡಿಸುವ ಬೇರೆ ಕಾರಣಗಳಿವೆ. ಕೈ ನಡುಗುವವರಿಗೆ, ಗಂಟು ನೋವಿನವರಿಗೆ ನಾಣ್ಯ ಎತ್ತುವುದೇ ಕಷ್ಟ, ಅವರು ಬೆರಳು ತೋರಿಸಿದರೆ ಸಾಕು. ಮೊದಲ ಸಲ ಮಾಡಿದ್ದನ್ನು ಅಭ್ಯಾಸ ಅಂತ ಬಿಟ್ಟುಬಿಡಿ, ಇಲ್ಲದಿದ್ದರೆ ಎರಡನೇ ಭೇಟಿಯಲ್ಲಿ ನೋಟ ಸುಧಾರಿಸಿದಂತೆ ಕಾಣುತ್ತದೆ. ಶೀಟುಗಳು, ವಾಕ್ಯಗಳು ಎರಡು ಮೂರು ಜೊತೆ ಇರಲಿ.

40 ನಿಮಿಷದ ಕ್ರಮ ನನ್ನ ಪ್ರಕಾರ: ಮಾತು 5, ಆಮ್ಸ್ಲರ್ ಮತ್ತು ಮುಖ 5, ಚಾರ್ಟು ಮತ್ತು ಫಿಲ್ಟರು 10, ಕಾಂಟ್ರಾಸ್ಟ್ 5, ಓದು 8, ಉಳಿದ 7ರಲ್ಲಿ ಆ ವ್ಯಕ್ತಿಗೆ ನಿಜಕ್ಕೂ ಬೇಕಾದ ಎರಡೇ ಕೆಲಸ, ಮಿಕ್ಕ ಎರಡು ಮುಂದಿನ ಭೇಟಿಗೆ. ಓದನ್ನು ತೀರಾ ಕೊನೆಗೆ ಹಾಕಬೇಡಿ, ಆ ಹೊತ್ತಿಗೆ ದಣಿದಿರುತ್ತಾರೆ.

ಸಾಲುಗಟ್ಟಿ

ಆ ಮೊದಲ 5 ನಿಮಿಷದ ಮಾತಿಗೆ ಎನ್‌ಇಐ ವಿಎಫ್‌ಕ್ಯೂ-25 ಅನ್ನುವ, ನೋಟದ ತೊಂದರೆ ದಿನಬಳಕೆಗೆ ಎಷ್ಟು ತಟ್ಟಿದೆ ಅಂತ ಕೇಳುವ ಪ್ರಶ್ನಾವಳಿಯನ್ನು ಕಾಯುವ ಕೋಣೆಯಲ್ಲೇ ಮೊದಲೇ ಕೇಳಿ ಮುಗಿಸಬಹುದು. 25 ಪ್ರಶ್ನೆ, ಅಂಕ 0ರಿಂದ 100. ಕಾಗದ ಕೊಟ್ಟು ತುಂಬಿಸಬೇಡಿ, ಓದಿ ಹೇಳಿ, ಓದಲಾಗದವರಿಗೆ ಫಾರಮ್ಮು ಕೊಟ್ಟರೆ ಮನೆಯವರು ತಮಗೆ ತೋಚಿದ್ದನ್ನು ತುಂಬುತ್ತಾರೆ. ಒಟ್ಟು ಅಂಕಕ್ಕಿಂತ ಹತ್ತಿರದ ಕೆಲಸ, ದೂರದ ಕೆಲಸ, ಇತರರ ಮೇಲಿನ ಅವಲಂಬನೆ ಅನ್ನುವ ಭಾಗಗಳನ್ನು ಬೇರೆಯಾಗಿ ನೋಡಿ.

ಅದರಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನೀವೇ ಸೇರಿಸಿ, ಮನೆಯವರು ಪಕ್ಕದಲ್ಲಿ ಇಲ್ಲದಾಗ: "ಇಲ್ಲದ ಮನುಷ್ಯರೋ, ಬಳ್ಳಿ, ಜಾಲರಿಯಂಥ ಚಿತ್ರಗಳೋ ಕಣ್ಣ ಮುಂದೆ ಕಾಣುತ್ತವೆಯೇ? ನೋಟ ಕಡಿಮೆಯಾದ ತುಂಬ ಜನಕ್ಕೆ ಹಾಗೆ ಆಗುತ್ತದೆ." ಇದು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್. ಬುದ್ಧಿ ಕೆಟ್ಟಿದೆ ಅಂದಾರು ಅನ್ನುವ ಹೆದರಿಕೆಯಲ್ಲಿ ತಾವಾಗಿ ಹೇಳುವುದಿಲ್ಲ. ಎರಡನೇ ವಾಕ್ಯವನ್ನು ಬಿಡಬೇಡಿ, ಬಾಯಿ ಬಿಡಿಸುವುದು ಅದೇ. ಕಾಣುತ್ತದೆ ಅಂದವರಿಗೆ ಕಾರಣವನ್ನು ಅಲ್ಲೇ ಬಿಡಿಸಿ ಹೇಳಿ, ಆಮೇಲೆ ಪರೀಕ್ಷೆ ಶುರು ಮಾಡಿ.